45 ಡಿಗ್ರಿಯಲ್ಲಿ ಇಸ್ತ್ರಿ ಅಂಗಿ: ಮರಳುಗಾಡಿನ ಕೆಲಸಕ್ಕೆ ಹೊರಟವರು ಏನು ತೊಡಬೇಕು?

ಪ್ರಶ್ನೆ: ನಾನು ಸೋಮವಾರಪೇಟೆಯವನು, ವಯಸ್ಸು 36, ಎಲೆಕ್ಟ್ರಿಕಲ್ ಇಂಜಿನಿಯರ್. ಇಲ್ಲಿಯವರೆಗೆ ಕೊಡಗು, ಹಾಸನ ಬಿಟ್ಟು ಬೇರೆಡೆ ಕೆಲಸ ಮಾಡಿಲ್ಲ. ಜೂನ್ ಎರಡನೇ ವಾರ ಸೌದಿಯ ರಿಯಾದ್‌ಗೆ ಹೊರಡಬೇಕು. ವಾರದಲ್ಲಿ ಮೂರು ದಿನ ಊರ ಹೊರಗಿನ ಸೋಲಾರ್ ಸೈಟ್, ಎರಡು ದಿನ ಕ್ಲೈಂಟ್ ಆಫೀಸಿನಲ್ಲಿ ಮೀಟಿಂಗ್. ಆಫೀಸಿಗೆ ತುಂಬು ತೋಳಿನ ಶರ್ಟ್, ಫಾರ್ಮಲ್ ಪ್ಯಾಂಟ್, ಲೆದರ್ ಶೂ ಕಡ್ಡಾಯ, ಮೀಟಿಂಗಿಗೆ ಬ್ಲೇಜರ್. ದಮ್ಮಾಮ್‌ನಲ್ಲಿ ಬಹಳ ವರ್ಷ ಇದ್ದ ನನ್ನ ಚಿಕ್ಕಪ್ಪ, 'ಬಿಳಿ ಕಾಟನ್ ಬಿಟ್ಟು ಏನೂ ಹಾಕಬೇಡ, ಸೈಟಿನಲ್ಲಿ ಅರ್ಧ ತೋಳೇ ಸರಿ, ಉಪ್ಪಿನ ಮಾತ್ರೆ ಇಟ್ಟುಕೋ' ಎನ್ನುತ್ತಾರೆ. ಮೈಸೂರಿನ ಅಂಗಡಿಯವರು ಡ್ರೈ ಫಿಟ್ ಶರ್ಟ್ ತೋರಿಸಿ, ಬೆವರು ನಿಲ್ಲುವುದೇ ಇಲ್ಲ, ಇಸ್ತ್ರಿಯೂ ಬೇಡ ಎಂದರು. ನನಗೆ ಬಿ.ಪಿ. ಇದೆ. ಟೆಲ್ಮಿಸಾರ್ಟಾನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ದಿನಕ್ಕೊಂದು. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುತ್ತೇನೆ. ಬೆವರಿ ತೊಪ್ಪೆಯಾಗಿ ಕ್ಲೈಂಟ್ ಮುಂದೆ ಕೂರುವುದು ಹೇಗೆ ಎಂಬುದೇ ದೊಡ್ಡ ಚಿಂತೆ. ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಚಿಂತೆ ಒದ್ದೆ ಶರ್ಟಿನದು. ರಿಯಾದ್‌ನಲ್ಲಿ ಆ ತೊಂದರೆ ನೀವೆಣಿಸಿದಷ್ಟು ಬರುವುದಿಲ್ಲ. ಬರುವುದು ಅದರ ತಿರುಗುಮುರುಗು. ಜೂನ್ ತಿಂಗಳಲ್ಲಿ ಸೋಮವಾರಪೇಟೆಯ ಗಾಳಿಯಲ್ಲಿ ತೇವ ತುಂಬಿರುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಹಸಿ ಹಸಿ. ಅಲ್ಲಿ ಸ್ವಲ್ಪ ಬೆವರಿದರೂ ಮೈಗೆ ಅಂಟಿ ಗೊತ್ತಾಗುತ್ತದೆ. ರಿಯಾದ್‌ನಲ್ಲಿ ಜುಲೈನ ಸರಾಸರಿ ಗರಿಷ್ಠ ಉಷ್ಣಾಂಶ 43 ಡಿಗ್ರಿ ಆಸುಪಾಸು, ಗಾಳಿಯ ತೇವಾಂಶ ಶೇ. 10ರ ಹತ್ತಿರ. ಬೆವರು ಚರ್ಮದಿಂದ ಹೊರಬರುತ್ತಲೇ ಆರಿಹೋಗುತ್ತದೆ. ಎರಡು ಗಂಟೆ ಸೈಟ್ ಸುತ್ತಿ ಬಂದು 'ನಾನು ಬೆವರಲೇ ಇಲ್ಲ' ಎನ್ನುವವರ ಮೈಯಿಂದ ಎರಡು ಲೀಟರ್ ನೀರು ಹೋಗಿರುತ್ತದೆ. ಸಂಜೆ ಶರ್ಟ್ ಬಿಚ್ಚಿ ನೋಡಿದರೆ ಬೆನ್ನಿನ ಮೇಲೆ, ಕಂಕುಳ ಸುತ್ತ ಬಿಳಿ ಉಪ್ಪಿನ ಗೆರೆ ಕಾಣುತ್ತದೆ. ಲೆಕ್ಕ ಸಿಗುವುದು ಅಲ್ಲಿ. ಮಲೆನಾಡಿನಿಂದ ಹೋದವರು ಮೊದಲ ವಾರ ಮೋಸಹೋಗುವುದು ಇಲ್ಲೇ: ಒದ್ದೆಯಾಗದ ಮೈ ತಂಪಾಗಿದೆ ಎಂದುಕೊಳ್ಳುತ್ತಾರೆ.

ಅರ್ಧ ತೋಳಿನ ಬಗ್ಗೆ ನಿಮ್ಮ ಚಿಕ್ಕಪ್ಪ ಹೇಳಿದ್ದು ಸುಳ್ಳಲ್ಲ, ಅದು ದಮ್ಮಾಮ್‌ನ ಮಾತು. ದಮ್ಮಾಮ್ ಸಮುದ್ರದಂಚಿನ ಊರು. ಅದರ ಪಕ್ಕದ ಧಹರಾನ್‌ನಲ್ಲಿ 2003ರ ಜುಲೈ 8ರಂದು ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶ) 35 ಡಿಗ್ರಿ ದಾಖಲಾಗಿತ್ತು. ಹೆಚ್ಚುಕಡಿಮೆ ನಮ್ಮ ಚರ್ಮದ ಉಷ್ಣಾಂಶವೇ ಅದು. ಅಂಥ ಗಾಳಿಯಲ್ಲಿ ಬೆವರು ಆರಲು ಜಾಗವೇ ಇರುವುದಿಲ್ಲ, ಸುಮ್ಮನೆ ಸುರಿಯುತ್ತದೆ. ಅಲ್ಲಿ ನೆರಳಿನಲ್ಲಿ ಮೈ ತೆರೆದಷ್ಟೂ ಒಳ್ಳೆಯದು. ಒಣ ಬಿಸಿಲಿನ ರಿಯಾದ್‌ಗೆ ಆ ಅರ್ಧ ತೋಳು ಹೊಂದುವುದಿಲ್ಲ.

ಕಾರಣ ಸರಳ. ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಬೀಸಿದಷ್ಟೂ ಮೈ ಆರುತ್ತದೆ. 45 ಡಿಗ್ರಿಯ ಗಾಳಿ ಬೀಸಿದರೆ ಶಾಖ ಮೈಯಿಂದ ಹೊರಹೋಗುವುದಿಲ್ಲ, ಮೈಯೊಳಗೇ ಬರುತ್ತದೆ. 40 ಡಿಗ್ರಿ ದಾಟಿದ ಕೋಣೆಯಲ್ಲಿ ಫ್ಯಾನ್ ನಂಬಿ ಕೂರಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದಕ್ಕೇ. ಆಗ ಉಳಿಯುವ ದಾರಿ ಒಂದೇ, ಬೆವರು ಆರುವುದು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ತೆಗೆದುಕೊಂಡು ಹೋಗುತ್ತದೆ. ನಿಧಾನ ನಡಿಗೆಯಲ್ಲಿ ಒಂದು ಗಂಟೆಗೆ ನಮ್ಮ ದೇಹ ಹುಟ್ಟಿಸುವ ಶಾಖಕ್ಕಿಂತ ಇದು ಬಹಳ ಹೆಚ್ಚು. ಆದರೆ ಮಧ್ಯಾಹ್ನದ ಬಿಸಿಲು ಪ್ರತಿ ಚದರ ಮೀಟರಿಗೆ ಸಾವಿರ ವಾಟ್ ಹತ್ತಿರ ಸುರಿಯುತ್ತಿರುತ್ತದೆ ಎಂಬುದು ನೆನಪಿರಲಿ. ಸೋಲಾರ್ ಇಂಜಿನಿಯರಿಗೆ ಈ ಸಂಖ್ಯೆ ಹೊಸದೇನಲ್ಲ. ಹಾಗಾಗಿ ಬಟ್ಟೆ ತಾನಾಗಿ ತಂಪು ಕೊಡುವುದಿಲ್ಲ. ಬಿಸಿಲನ್ನು, ಬಿಸಿಗಾಳಿಯನ್ನು ಮೈಗೆ ತಾಗದಂತೆ ತಡೆಯಬೇಕು, ಒಳಗಿನ ಆವಿಯನ್ನು ಹೊರಬಿಡಬೇಕು. ಈ ಎರಡು ಕೆಲಸ ಮಾಡದ ಬಟ್ಟೆ ಎಷ್ಟೇ ದುಬಾರಿಯಾಗಲಿ ಬೇಡ. ಸಡಿಲವಾದ ತುಂಬು ತೋಳು ಬಿಸಿಲಿನಲ್ಲಿ ಅರ್ಧ ತೋಳಿಗಿಂತ ಮೇಲಾಗುವುದು ಇದೇ ಲೆಕ್ಕದಲ್ಲಿ.

ಬಣ್ಣದ ವಿಷಯದಲ್ಲಿ ಅರ್ಧ ಸತ್ಯವೇ ಹೆಚ್ಚು ಓಡಾಡುತ್ತದೆ. ಮರುಭೂಮಿಯ ಬೆಡೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆ ಎಂದು 1980ರಲ್ಲಿ ಸಂಶೋಧಕರು ಅಳೆದು ನೋಡಿದ್ದರು. ಕಪ್ಪು ಬಟ್ಟೆ ಹೆಚ್ಚು ಕಾಯುತ್ತದೆ ನಿಜ. ಆದರೆ ನಿಲುವಂಗಿ ಸಡಿಲವಾಗಿ, ಒಳಗೆ ಗಾಳಿಯಾಡುವುದರಿಂದ ಚರ್ಮದವರೆಗೆ ತಲುಪುವ ಶಾಖ ಬಿಳಿಯದರಷ್ಟೇ ಇತ್ತು. ನಮ್ಮ ಕಡೆ ಕೊಡವರು ತೊಡುವ ಕಪ್ಪು ನಿಲುವಂಗಿ ಕುಪ್ಯ ನೆನಪಾದರೂ ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಸೊಂಟಕ್ಕೆ ಚೇಲೆ (ರೇಷ್ಮೆ ನಡುಪಟ್ಟಿ) ಬಿಗಿದ ಮೇಲೆ ಗಾಳಿ ಎಲ್ಲಿಂದ ಆಡಬೇಕು? ಪ್ಯಾಂಟಿನೊಳಗೆ ಸಿಕ್ಕಿಸಿದ ಫಾರ್ಮಲ್ ಶರ್ಟ್ ಕೂಡ ಮೈಗೆ ತಾಗಿಯೇ ಇರುತ್ತದೆ. ಅಲ್ಲಿ ಬಣ್ಣ ಮುಖ್ಯವಾಗುತ್ತದೆ. ಬಿಳಿ, ಕೆನೆ, ಬಿಳಿ ಮೇಲೆ ಸಣ್ಣ ಗೆರೆ ತೆಗೆದುಕೊಳ್ಳಿ. ತಿಳಿನೀಲಿ ಮತ್ತು ಬೂದು ಬಣ್ಣದಲ್ಲಿ ಒದ್ದೆ ಕಲೆ ಎದ್ದು ಕಾಣುತ್ತದೆ, ಕಡುಬಣ್ಣದಲ್ಲಿ ಉಪ್ಪಿನ ಗೆರೆ ಕಾಣುತ್ತದೆ.

ಈಗ ಅಂಗಡಿಗೆ ಹೋಗೋಣ. ಶರ್ಟಿನ ಬಟ್ಟೆಗೆ ಕಾಟನ್, ಲಿನನ್ ಅಥವಾ ಎರಡೂ ಬೆರೆತದ್ದು, ತೂಕ ಚದರ ಮೀಟರಿಗೆ 100ರಿಂದ 130 ಗ್ರಾಂ, ಸಾದಾ ನೇಯ್ಗೆ. ಲಿನನ್ ಮಾತ್ರ 150 ಗ್ರಾಂವರೆಗೆ ಇದ್ದರೂ ಗಾಳಿಯಾಡುತ್ತದೆ. ಲೇಬಲ್‌ಗಿಂತ ನಂಬಿಕಸ್ತ ಪರೀಕ್ಷೆ ಎರಡಿವೆ. ಬಟ್ಟೆಯನ್ನು ಒಂದೇ ಪದರವಾಗಿ ಬಾಯಿಗೆ ಒತ್ತಿಹಿಡಿದು ಊದಿ. ಉಸಿರು ಸಲೀಸಾಗಿ ಆಚೆ ಹೋದರೆ ಸರಿ, ಕೆನ್ನೆ ಉಬ್ಬಿದರೆ ಬಿಡಿ. ಆಮೇಲೆ ಒಂದು ಹನಿ ನೀರು ಹಾಕಿ. ಹೀರಿಕೊಂಡು ಕೂಡಲೇ ಹರಡಬೇಕು. ಮುತ್ತಿನಂತೆ ನಿಂತರೆ ಮೇಲೆ ಏನೋ ಲೇಪ ಇದೆ. ಸುಕ್ಕಾಗದ, ಇಸ್ತ್ರಿ ಬೇಡದ ಶರ್ಟುಗಳಿಗೆ ರಾಳದ ಸಂಸ್ಕರಣೆ ಆಗಿರುತ್ತದೆ, ಹೀರುವ ಗುಣ ಕಡಿಮೆಯಾಗುತ್ತದೆ. ಹೊಸ ಬಟ್ಟೆಯ ಗಂಜಿಯಿಂದಲೂ ಹನಿ ನಿಲ್ಲಬಹುದು, ಒಂದು ಸಲ ಒಗೆದು ಮತ್ತೆ ನೋಡಿ. ನಿಮಗೆ ಗರಿಗರಿ ಗಂಜಿ ಹಾಕಿಸುವ ಅಭ್ಯಾಸವಿದ್ದರೆ ಅಲ್ಲಿ ಬಿಡಿ. ಗಂಜಿ ನೇಯ್ಗೆಯ ಸಂದನ್ನೇ ಮುಚ್ಚುತ್ತದೆ, ಫ್ಯಾಬ್ರಿಕ್ ಸಾಫ್ಟನರ್ ಎಳೆಗೆ ಲೇಪವಾಗಿ ಕೂತು ಹೀರುವ ಗುಣ ತಗ್ಗಿಸುತ್ತದೆ.

ಹೊಲಿಸುವುದಾದರೆ ಎದೆಯ ಅಳತೆಗಿಂತ ಕನಿಷ್ಠ 12 ಸೆಂ.ಮೀ. ಹೆಚ್ಚು ಬಿಡಲು ಟೈಲರಿಗೆ ಹೇಳಿ, ಬೆನ್ನಿಗೆ ಒಂದು ಪ್ಲೀಟ್ ಇರಲಿ, ಕಾಲರ್ ಮತ್ತು ಕಫ್‌ಗೆ ಮೆತ್ತನೆಯ ಕ್ಯಾನ್ವಾಸ್ ಸಾಕು. ಸ್ಲಿಮ್ ಫಿಟ್ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಬಟ್ಟೆ ಮತ್ತು ಚರ್ಮದ ನಡುವಿನ ಗಾಳಿಯೇ ಅಲ್ಲಿ ನಿಮಗೆ ಸಿಗುವ ನೆರಳು.

ಡ್ರೈ ಫಿಟ್ ಶರ್ಟಿಗೆ ಬರೋಣ. ಅದು ಪಾಲಿಯೆಸ್ಟರ್. ಕಾಟನ್ ತನ್ನ ತೂಕದ ಶೇ. 8ರಷ್ಟು ತೇವವನ್ನು ಗಾಳಿಯಿಂದಲೇ ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಹಿಡಿಯುವುದು ಶೇ. 0.4ರಷ್ಟು. ಅದಕ್ಕೇ ಬೇಗ ಒಣಗುತ್ತದೆ, ನಮ್ಮೂರಿನ ಮಳೆಗಾಲಕ್ಕೆ ಅದರಷ್ಟು ಅನುಕೂಲ ಬೇರೆ ಇಲ್ಲ. ಬೆವರನ್ನು ಎಳೆಯಿಂದೆಳೆಗೆ ಹರಡುವ ಒಳ್ಳೆಯ ಜಾಳು ಹೆಣಿಗೆಯ ಪಾಲಿಯೆಸ್ಟರ್ ಬೆವರು ಸುರಿಯುವ ಕರಾವಳಿಯಲ್ಲಿ ಕಾಟನ್‌ಗಿಂತ ಹಗುರವಾಗಿಯೂ ಇರುತ್ತದೆ. ಆದರೆ ಫಾರ್ಮಲ್ ಶರ್ಟ್ ಎಂದು ಮಾರುವುದು ಹೆಚ್ಚಾಗಿ ಒತ್ತಾಗಿ ನೇಯ್ದದ್ದು, ಊದುವ ಪರೀಕ್ಷೆಯಲ್ಲೇ ಸೋಲುತ್ತದೆ. ಅದರಲ್ಲಿ ವಾಸನೆಯೂ ಬೇಗ ನಿಲ್ಲುತ್ತದೆ. ನಿಮಗೆ ಬೇಡ ಎನ್ನಲು ಇನ್ನೂ ದೊಡ್ಡ ಕಾರಣ ನಿಮ್ಮ ಸೈಟಿನಲ್ಲಿದೆ, ಮುಂದೆ ಹೇಳುತ್ತೇನೆ.

ಪ್ಯಾಂಟಿಗೆ ನನ್ನ ಮೊದಲ ಆಯ್ಕೆ ಕೇಳಿದರೆ ನಗಬಹುದು: ಉಣ್ಣೆ. ಚಳಿಗೆ ಹಾಕುವ ಸ್ವೆಟರಿನ ಉಣ್ಣೆ ಅಲ್ಲ, ನೂಲನ್ನು ಬಿಗಿಯಾಗಿ ಹುರಿಮಾಡಿ ಸಾದಾ ನೇಯ್ಗೆಯಲ್ಲಿ ನೇಯ್ದ ಟ್ರಾಪಿಕಲ್ ವುಲ್, ಚದರ ಮೀಟರಿಗೆ 180ರಿಂದ 220 ಗ್ರಾಂ. ನೂಲು ಬಿಗಿಯಾಗಿರುವುದರಿಂದ ನಡುವೆ ಸಂದು ಉಳಿದು ಗಾಳಿಯಾಡುತ್ತದೆ. ಕೂತೆದ್ದರೂ ಮಡಿಕೆ ಕೆಡುವುದಿಲ್ಲ, ರಾತ್ರಿ ತೂಗುಹಾಕಿದರೆ ಬೆಳಗ್ಗೆ ಸುಕ್ಕು ಬಿಟ್ಟಿರುತ್ತದೆ. ಬೆಲೆ ಜಾಸ್ತಿ, ಮೀಟಿಂಗಿಗೆ ಎರಡು ಸಾಕು. ನಿತ್ಯಕ್ಕೆ ತೆಳು ಕಾಟನ್ ಅಥವಾ ಕಾಟನ್-ಲಿನನ್. ದಪ್ಪ ಟ್ವಿಲ್ ಚೀನೋಸ್ ಬೇಡ, ತೊಡೆಸಂದು ಉಜ್ಜಿ ಹೋಗುತ್ತದೆ. ಮೊಣಕಾಲವರೆಗೆ ಪಾಲಿಯೆಸ್ಟರ್ ಲೈನಿಂಗ್ ಇದ್ದರೆ ಬಿಚ್ಚಿಸಿ.

ಬ್ಲೇಜರಿನಲ್ಲಿ ಮೇಲುಬಟ್ಟೆಗಿಂತ ಒಳಗಿನ ಲೈನಿಂಗ್ ನೋಡಬೇಕು. ಪೂರ್ತಿ ಪಾಲಿಯೆಸ್ಟರ್ ಲೈನಿಂಗ್ ಇರುವ ಕೋಟು ಪ್ಲಾಸ್ಟಿಕ್ ಚೀಲ ಹೊದ್ದಂತೆ. ಬೆನ್ನಿಗೆ ಲೈನಿಂಗ್ ಇಲ್ಲದ, ಭುಜ ಮತ್ತು ತೋಳಿಗೆ ಮಾತ್ರ ಇರುವ ಅರ್ಧ ಲೈನಿಂಗಿನ ಕೋಟು ಕೇಳಿ, ಹೆಗಲಿಗೆ ಪ್ಯಾಡ್ ಬೇಡ. ಆಮೇಲೆ ಅದನ್ನು ಹೊರಗೆ ಹಾಕಲೇಬೇಡಿ. ಕಾರಿನಲ್ಲಿ ತೂಗುಹಾಕಿ, ಕೈಯಲ್ಲಿ ಹಿಡಿದು ಹೋಗಿ, ಲಿಫ್ಟಿನ ಬಳಿ ತೊಡಿ. ಅಲ್ಲಿನ ಆಫೀಸುಗಳಲ್ಲಿ ಎ.ಸಿ. ಜೋರಾಗಿರುತ್ತದೆ, ಒಳಗೆ ಕೋಟು ಬೇಕೆನಿಸುತ್ತದೆ.

ಬನಿಯನ್ ಬಗ್ಗೆ ಒಂದು ಮಾತು. ತೋಳಿಲ್ಲದ ಬನಿಯನ್ ಕಂಕುಳ ಬೆವರನ್ನು ಹೀರುವುದೇ ಇಲ್ಲ, ಹೊಟ್ಟೆ-ಬೆನ್ನಿಗೆ ಇನ್ನೊಂದು ಪದರ ಸೇರಿಸುತ್ತದೆ ಅಷ್ಟೆ. ಮೀಟಿಂಗ್ ದಿನ ಬೇಕಾದರೆ ತೆಳ್ಳನೆಯ ತೋಳಿರುವ ಕಾಟನ್ ಬನಿಯನ್ ಹಾಕಿ, ಉಳಿದ ದಿನ ಬಿಟ್ಟರೂ ನಡೆಯುತ್ತದೆ. ಆ್ಯಂಟಿಪರ್ಸ್‌ಪಿರಂಟ್ ಹಾಕಿದರೆ ಮೈಯ ಬೆವರೇ ನಿಂತು ಉಷ್ಣವಾಗುತ್ತದೆ ಎಂಬುದು ಸುಳ್ಳು. ಕಂಕುಳು ಇಡೀ ಮೈಯ ಸಣ್ಣದೊಂದು ಭಾಗ, ರಾತ್ರಿ ಒಣ ಚರ್ಮಕ್ಕೆ ಹಚ್ಚಿಕೊಂಡು ಮಲಗಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಳಚಡ್ಡಿ ತೊಡೆಯ ಅರ್ಧದವರೆಗೆ ಬರುವಂಥದ್ದಿರಲಿ. ಪೌಡರ್ ಬೆವರಿಗೆ ಉಂಡೆಗಟ್ಟಿ ಉಜ್ಜುತ್ತದೆ, ಅದರ ಬದಲು ತೊಡೆಸಂದಿಗೆ ತೆಳುವಾಗಿ ವ್ಯಾಸಲಿನ್ ಹಚ್ಚಿ. ಹುಳುಕಡ್ಡಿ ಬಂದರೆ ಊರಿನಿಂದ ಒಯ್ದ ಮೂರು ಔಷಧ ಬೆರೆತ ಮುಲಾಮು ಹಚ್ಚಬೇಡಿ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ, ತುರಿಕೆ ಎರಡು ದಿನ ತಗ್ಗಿ ಹುಳುಕಡ್ಡಿ ಹರಡುತ್ತದೆ.

ಶೂ ಎರಡು ಜೊತೆ, ದಿನ ಬಿಟ್ಟು ದಿನ. ಒಳಪದರವೂ ಚರ್ಮದ್ದೇ ಇರಬೇಕು, ಸಂಜೆ ಹೊತ್ತು ಹಾಕಿ ನೋಡಿ ಕೊಳ್ಳಿ, ಸೆಕೆಗೆ ಪಾದ ಊದುತ್ತದೆ. ಅಚ್ಚ ಕಾಟನ್ ಸಾಕ್ಸ್ ಒದ್ದೆ ಹಿಡಿದು ಬೊಬ್ಬೆ ಎಬ್ಬಿಸುತ್ತದೆ, ಮೆರಿನೋ ಉಣ್ಣೆ ಮತ್ತು ನೈಲಾನ್ ಬೆರೆತ ತೆಳು ಸಾಕ್ಸ್ ಇರಲಿ. ಮಧ್ಯಾಹ್ನ ಬದಲಿಸಲು ಬ್ಯಾಗಿನಲ್ಲಿ ಇನ್ನೊಂದು ಜೊತೆ.

ಇನ್ನು ಸೈಟ್. ಇನ್ವರ್ಟರ್, ಕಂಬೈನರ್ ಬಾಕ್ಸ್, ಸ್ವಿಚ್‌ಗೇರ್ ಇರುವಲ್ಲಿ ಆರ್ಕ್ ಫ್ಲ್ಯಾಶ್ (ವಿದ್ಯುತ್ ಗಾಳಿಯಲ್ಲಿ ಹಾರಿ ಭಾರೀ ಶಾಖದೊಂದಿಗೆ ಸಿಡಿಯುವುದು) ಅಪಾಯ ನಿಮಗೆ ನಾನು ಹೇಳಬೇಕಿಲ್ಲ. ಪಾಲಿಯೆಸ್ಟರ್ 250-260 ಡಿಗ್ರಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ, ಸುಟ್ಟಗಾಯ ಆಳಕ್ಕಿಳಿಯುತ್ತದೆ. ಆ ಸಿಡಿತ ತಡೆಯಲೆಂದೇ ಮಾಡಿದ ಆರ್ಕ್ ರೇಟೆಡ್ ಕವರಾಲ್ ಹಾಕಿ ಒಳಗೆ ಡ್ರೈ ಫಿಟ್ ಬನಿಯನ್ ಹಾಕಿದರೂ ಅದೇ ಅಪಾಯ. ಕವರಾಲ್ ಒಳಗೆ ಅಚ್ಚ ಕಾಟನ್ ಮಾತ್ರ. ಸೆಕೆಯೆಂದು ತೋಳು ಮಡಚುವುದು, ಜಿಪ್ ಇಳಿಸುವುದು ಮಾಡಿದರೆ ಆ ಉಡುಪಿನ ರಕ್ಷಣೆಯೇ ಹೋಯಿತು. ಸೆಕೆ ತಡೆಯಲಾಗದಿದ್ದರೆ ಕೆಲಸದ ಹೊತ್ತು ಬದಲಿಸಿ, ಉಡುಪನ್ನಲ್ಲ. ಹೆಲ್ಮೆಟ್ಟಿಗೆ ಕುತ್ತಿಗೆ ಮುಚ್ಚುವ ಪರದೆ ಸಿಕ್ಕಿಸಿಕೊಳ್ಳಿ. ಒಳಗೆ ದಪ್ಪ ಟವೆಲ್ ಸುತ್ತಿದರೆ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ. ನೀರಿನಲ್ಲಿ ನೆನೆಸಿ ಹಾಕುವ ತಂಪು ಜಾಕೆಟ್ ರಿಯಾದ್‌ನ ಒಣಗಾಳಿಯಲ್ಲಿ ಕೆಲಸ ಮಾಡುತ್ತದೆ, ದಮ್ಮಾಮ್‌ನಲ್ಲಿ ಬರೀ ಭಾರ. ಆದರೆ ವಿದ್ಯುತ್ ಕೆಲಸದ ಬಳಿ ಅದನ್ನು ಸುರಕ್ಷತಾ ಅಧಿಕಾರಿಯನ್ನು ಕೇಳದೆ ಹಾಕಬೇಡಿ. ಕುತ್ತಿಗೆಯ ತಂಪು ಟವೆಲ್ ಹಿತ ಕೊಡುತ್ತದೆ, ಒಳಗಿನ ಉಷ್ಣ ಅಷ್ಟಾಗಿ ಇಳಿಸುವುದಿಲ್ಲ. ಹಿತವಾಯಿತೆಂದು ಇನ್ನೊಂದು ಗಂಟೆ ಎಳೆದರೆ ತೊಂದರೆ.

ಮೀಟಿಂಗ್ ದಿನ ಇಪ್ಪತ್ತು ನಿಮಿಷ ಮೊದಲೇ ತಲುಪಿ. ಮೊಣಕೈವರೆಗೆ ಎರಡೂ ಕೈಗಳನ್ನು ಹತ್ತು ನಿಮಿಷ ತಣ್ಣೀರಿನಲ್ಲಿಟ್ಟರೆ ಮೈಯ ಉಷ್ಣ ಚೆನ್ನಾಗಿ ಇಳಿಯುತ್ತದೆ, ಬೆವರು ಬೇಗ ನಿಲ್ಲುತ್ತದೆ. ಮುಖಕ್ಕೆ ನೀರೆರಚುವುದರಿಂದ ಅಷ್ಟಾಗುವುದಿಲ್ಲ. ಒಂದು ಎಚ್ಚರಿಕೆ: ಬೇಸಿಗೆಯಲ್ಲಿ ಅಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ, ಟ್ಯಾಂಕ್ ತಾರಸಿ ಮೇಲೆ ಕಾದಿರುತ್ತದೆ. ರೂಮಿನಲ್ಲಿ ಗೀಸರ್ ಸ್ವಿಚ್ ಆಫ್ ಮಾಡಿಡಿ. ಮನೆಯೊಳಗಿನ ಆ ಡ್ರಮ್ಮಿನಲ್ಲಿ ರಾತ್ರಿಯಿಡೀ ನಿಂತ ನೀರು ತಣ್ಣಗಾಗಿರುತ್ತದೆ, ಸ್ನಾನಕ್ಕೆ 'ಹಾಟ್' ನಲ್ಲಿ ತಿರುಗಿಸುವುದು ಅಲ್ಲಿನವರ ರೂಢಿ.

ಕುಡಿಯುವ ನೀರು: ಬಿಸಿಲಿನ ಕೆಲಸದಲ್ಲಿ ಪ್ರತಿ 15-20 ನಿಮಿಷಕ್ಕೆ ಒಂದು ಲೋಟ, ಸುಮಾರು 240 ಮಿ.ಲೀ. ಬಾಯಾರಿಕೆಗೆ ಕಾಯಬೇಡಿ, ಗಂಟೆಗೆ 1.4 ಲೀಟರ್ ಮೀರಲೂಬೇಡಿ. ಬರೀ ನೀರು ವಿಪರೀತ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಗಲಿಬಿಲಿ ಶುರುವಾಗುತ್ತದೆ. ಮೊದಲ ವಾರ ಒಂದು ತೂಕದ ಯಂತ್ರ ಇಟ್ಟುಕೊಂಡು ಬೆಳಗ್ಗೆ, ಸಂಜೆ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬಾಕಿ ಇದೆ ಎಂದರ್ಥ. ಉಪ್ಪಿನ ಮಾತ್ರೆ ಬೇಡವೇ ಬೇಡ, ಹೊಟ್ಟೆ ತೊಳಸುತ್ತದೆ, ನಿಮ್ಮ ಬಿ.ಪಿ.ಗಂತೂ ಸಲ್ಲದು. ಹೊತ್ತು ಹೊತ್ತಿಗೆ ಊಟ ಮಾಡಿದರೆ ಬೇಕಾದ ಉಪ್ಪು ಹೆಚ್ಚಾಗಿ ಅದರಲ್ಲೇ ಸಿಗುತ್ತದೆ. ಅಲ್ಲಿ ಎಲ್ಲೆಲ್ಲೂ ಸಿಗುವ ಲಬನ್ ನಮ್ಮ ಮಜ್ಜಿಗೆಯ ಹತ್ತಿರದ್ದು. ಬಹಳ ಬೆವರಿ ಕಾಲು ಹಿಡಿದುಕೊಂಡ ದಿನ ಓ.ಆರ್.ಎಸ್. ಪೊಟ್ಟಣವನ್ನು ಪೂರ್ತಿ, ಅದರ ಮೇಲೆ ಬರೆದಷ್ಟು ನೀರಿಗೆ ಬೆರೆಸಿ ಕುಡಿಯಿರಿ. ದಿನವೂ ಅಲ್ಲ. ಕಾಫಿ ಬಿಡಬೇಕಿಲ್ಲ. ಅಭ್ಯಾಸವಿದ್ದವರಿಗೆ ಮೂರು-ನಾಲ್ಕು ಲೋಟದಿಂದ ಮೈಯ ನೀರು ಬತ್ತುವುದಿಲ್ಲ. ನಿದ್ದೆ ಕೆಟ್ಟರೆ ಮರುದಿನ ಬಿಸಿಲು ತಡೆಯುವುದು ಕಷ್ಟ, ಹಾಗಾಗಿ ಸಂಜೆಯದನ್ನು ಬಿಡಿ.

ನೀವು ಕೊನೆಗೆ ಸೇರಿಸಿದ ಮಾತ್ರೆಯ ವಿಷಯ ನನಗೆ ಬಟ್ಟೆಗಿಂತ ದೊಡ್ಡದು. ಹೈಡ್ರೋಕ್ಲೋರೋಥಯಾಜೈಡ್ ಮೂತ್ರದಲ್ಲಿ ನೀರು, ಸೋಡಿಯಂ, ಪೊಟ್ಯಾಸಿಯಂ ಹೊರಹಾಕುತ್ತದೆ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುವಂತೆಯೂ ಮಾಡಬಹುದು. ಬೆವರಿನಲ್ಲಿ ಹೋಗುವುದರ ಮೇಲೆ ಇದೂ ಸೇರಿದರೆ ಬಿ.ಪಿ. ಬೇಕಾದ್ದಕ್ಕಿಂತ ಕೆಳಗಿಳಿದು ಎದ್ದು ನಿಂತಾಗ ಕಣ್ಣು ಕತ್ತಲಿಡಬಹುದು. ಮೈಯ ನೀರು ಬತ್ತಿದಾಗ ಟೆಲ್ಮಿಸಾರ್ಟಾನ್‌ನಿಂದ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಹೊರಡುವ ಮೂರು ವಾರ ಮೊದಲೇ ನಿಮ್ಮ ವೈದ್ಯರಿಗೆ ಕೆಲಸ ಎಂಥದ್ದೆಂದು ಹೇಳಿ ಸೋಡಿಯಂ, ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮಾತ್ರೆ ಬದಲಿಸಬೇಕೋ, ಪ್ರಮಾಣ ತಗ್ಗಿಸಬೇಕೋ ಅವರು ನೋಡುತ್ತಾರೆ. ಬದಲಿಗೆ ಆಮ್ಲೋಡಿಪಿನ್ ಎಂಬ ಬಿ.ಪಿ. ಮಾತ್ರೆ ಕೊಟ್ಟರೆ ಸೆಕೆಗೆ ಪಾದ ಇನ್ನಷ್ಟು ಊದಬಹುದು, ಅದು ಗೊತ್ತಿರಲಿ. ಅಲ್ಲಿ ಹೋಗಿ ಎರಡು-ಮೂರು ವಾರಕ್ಕೆ ಅದೇ ಪರೀಕ್ಷೆ ಮತ್ತೊಮ್ಮೆ. ವಾಂತಿ-ಭೇದಿ ಆದ ದಿನ ಮಾತ್ರೆ ನುಂಗುವ ಮೊದಲು ವೈದ್ಯರನ್ನು ಕೇಳಿ.

ಯಾವ ಬಟ್ಟೆಯೂ ಮಾಡದ ಕೆಲಸವನ್ನು ಮೊದಲ ಎರಡು ವಾರ ಮಾಡುತ್ತವೆ. ಬಿಸಿಲಿಗೆ ಮೈ ಒಗ್ಗಲು 7ರಿಂದ 14 ದಿನ ಬೇಕು. ಅಷ್ಟರಲ್ಲಿ ಬೆವರು ಬೇಗ ಶುರುವಾಗುತ್ತದೆ, ಹೆಚ್ಚಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಪೂರ್ಣ ಹೊತ್ತಿನ ಶೇ. 20, ಆಮೇಲೆ ದಿನಕ್ಕೆ ಶೇ. 20ರಂತೆ ಏರಿಸುವುದು ರೂಢಿಯ ಕ್ರಮ. ನಿಮ್ಮ ಬಿ.ಪಿ.ಗೆ ಇನ್ನೂ ನಿಧಾನವಾದರೆ ಒಳ್ಳೆಯದು. ಸೇರುವ ಮೊದಲೇ ಇದನ್ನು ಮೇಲಿನವರಿಗೆ ಇಮೇಲ್‌ನಲ್ಲಿ ಬರೆದು ಕೇಳಿ. ಎ.ಸಿ. ರೂಮಿನಲ್ಲೇ ಎರಡು ವಾರ ಕೂತರೆ ಮೈ ಒಗ್ಗುವುದಿಲ್ಲ. ಊರಿನಲ್ಲಿ ಹಂಡೆಯ ಬಿಸಿನೀರು ಮೀಯುವುದೂ ಲೆಕ್ಕಕ್ಕಿಲ್ಲ, ಅಷ್ಟು ಹೊತ್ತು ಮೈ ಕಾದಿರುವುದಿಲ್ಲ.

ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ನೇರ ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ಮೂರು ಗಂಟೆಗೆ ತಂಪಾಯಿತು ಎಂದಲ್ಲ, ಬಿಸಿಲು ಇಳಿದರೂ ಗಾಳಿಯ ಕಾವು ಏರುವುದು ಮೂರು-ನಾಲ್ಕರ ಹೊತ್ತಿಗೇ. ಪ್ಯಾನಲ್ ಸಾಲುಗಳ ಪರಿಶೀಲನೆ ಬೆಳಗ್ಗೆ ಮುಗಿಸಿ, ಮಧ್ಯಾಹ್ನ ಕಾಗದದ ಕೆಲಸ ಇಟ್ಟುಕೊಳ್ಳಿ.

ಸೈಟಿನಲ್ಲಿ ಯಾರಾದರೂ ತಡವರಿಸಿದರೆ, ಅಸಂಬದ್ಧ ಮಾತಾಡಿದರೆ, ಕುಸಿದರೆ ಅದು ಉಷ್ಣಾಘಾತ ಎಂದೇ ತಿಳಿಯಿರಿ. ಮೈ ಒಣಗಿರಬೇಕೆಂದಿಲ್ಲ, ಬೆವರುತ್ತಿದ್ದರೂ ಆಗಬಹುದು. ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಮೈಯೆಲ್ಲ ತಣ್ಣೀರು ಸುರಿದು ಗಾಳಿ ಹಾಕಿ, ಐಸ್ ಇದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒತ್ತಿ. ಆ್ಯಂಬುಲೆನ್ಸಿಗೆ 997. ಅದು ಬರುವವರೆಗೂ ತಣಿಸುತ್ತಲೇ ಇರಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ, ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರೂ ಹಾಕಬೇಡಿ.

ಒಗ್ಗಿದ ಮೈ ಹಾಗೇ ಉಳಿಯುವುದಿಲ್ಲ. ಒಂದು ವಾರ ದೂರವಿದ್ದರೆ ಕಳೆಯಲು ಶುರು, ಒಂದು ತಿಂಗಳಿಗೆ ಹೆಚ್ಚುಕಡಿಮೆ ಪೂರ್ತಿ ಹೋಗಿರುತ್ತದೆ. ಸೆಪ್ಟೆಂಬರ್ ಆರಂಭದ ಕೊಡಗಿನ ಹಬ್ಬ ಕೈಲ್ ಮುಹೂರ್ತಕ್ಕೆ ಊರಿಗೆ ಬಂದು ಮಳೆಯಲ್ಲಿ ಎರಡು-ಮೂರು ವಾರ ಕಳೆದು ಹೋದರೆ ಅಲ್ಲಿ ಇನ್ನೂ 40 ಡಿಗ್ರಿ ಆಸುಪಾಸೇ ಇರುತ್ತದೆ. ಮರಳಿದ ಮೊದಲ ವಾರಕ್ಕೆ ಕ್ಲೈಂಟ್ ಮೀಟಿಂಗುಗಳನ್ನು ಹಾಕಿಸಿಕೊಳ್ಳಿ, ಸೈಟಿಗೆ ಬೆಳಗಿನ ಒಂದೆರಡು ಗಂಟೆ ಮಾತ್ರ ಹೋಗಿ.